ಪಾಸ್‌ವರ್ಡ್ ಮರೆತುಹೋಯ್ತಾ? ಕೈಯಲ್ಲಿ ಏನು ಉಳಿದಿದೆ ಅಂತ ಮೊದಲು ನೋಡಿಕೊಳ್ಳಿ

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನುವುದು ಬೋರ್ಡಿನ ಮೇಲಿರುವ ಹೆಸರು ಅಷ್ಟೇ. ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಅರ್ಜಿ, ಪಾನ್ ಕಾರ್ಡು, ರೈಲ್ವೆ ಟಿಕೆಟ್ಟು, ಎಲ್ಲವೂ ಆಗುತ್ತದೆ. ಅರ್ಜಿ ಹಾಕುವ ತಿಂಗಳು ಬಂತೆಂದರೆ ಕೌಂಟರಿನ ಮುಂದೆ ಒಂದೇ ಮಾತು. "ಅಣ್ಣಾ, ಪಾಸ್‌ವರ್ಡ್ ಮರ್ತೋಗಿದೆ, ತೆಗ್ದುಕೊಡಿ."

ಈ "ತೆಗ್ದುಕೊಡಿ" ಅನ್ನುವ ಮಾತಲ್ಲೇ ತೊಡಕಿದೆ. ಹಳೇ ಪಾಸ್‌ವರ್ಡನ್ನು ಎಲ್ಲೋ ಒಂದು ಲೆಡ್ಜರಿನಲ್ಲಿ ಬರೆದಿಟ್ಟಿರುತ್ತಾರೆ, ಕೇಳಿದರೆ ಹೇಳುತ್ತಾರೆ ಅಂತ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ನೆಟ್ಟಗೆ ಕೆಲಸ ಮಾಡುವ ಯಾವ ಕಂಪನಿಯೂ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಲೆಕ್ಕಕ್ಕೆ ಹಾಕಿ ಅರೆದು, ಕೊನೆಗೆ ಬಂದ ಗುರುತನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ನಮ್ಮೂರಿನವರಿಗೆ ನಾನು ಹೇಳುವುದು ಕೊಬ್ಬರಿ ಲೆಕ್ಕದಲ್ಲಿ. ಗಾಣಕ್ಕೆ ಹಾಕಿದ ಮೇಲೆ ಎಣ್ಣೆಯಿಂದ ಮತ್ತೆ ಕೊಬ್ಬರಿ ಮಾಡೋಕಾಗುತ್ತಾ? ನೀವು ಲಾಗಿನ್ ಆಗುವಾಗ ಟೈಪ್ ಮಾಡಿದ್ದನ್ನೂ ಅದೇ ಗಾಣಕ್ಕೆ ಹಾಕಿ, ಬಂದದ್ದು ಮೊದಲಿನದಕ್ಕೆ ತಾಳೆಯಾಗುತ್ತದಾ ಅಂತ ನೋಡುತ್ತಾರೆ. ಯಾವುದಾದರೂ ವೆಬ್‌ಸೈಟು ನಿಮ್ಮ ಹಳೇ ಪಾಸ್‌ವರ್ಡನ್ನೇ ಇಮೇಲಿನಲ್ಲಿ ಕಳಿಸಿತು ಅಂದರೆ ಖುಷಿಪಡಬೇಡಿ. ಅವರು ಗಾಣಕ್ಕೆ ಹಾಕದೆ ಹಾಗೇ ಇಟ್ಟಿದ್ದಾರೆ ಅಂತ ಅರ್ಥ. ಆ ಪಾಸ್‌ವರ್ಡನ್ನು ಬೇರೆಲ್ಲಾದರೂ ಬಳಸಿದ್ದರೆ ಅವತ್ತೇ ಬದಲಾಯಿಸಿ.

ನಿಮ್ಮ ಫೋನಿನಲ್ಲೇ ಉಳಿಸಿಟ್ಟಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಇರುವ ದಾರಿಗಳೆಲ್ಲ ಒಂದೇ ಜಾತಿಯವು. ಈ ಖಾತೆ ನನ್ನದೇ ಅಂತ ಒಪ್ಪಿಸಬೇಕು, ಆಮೇಲೆ ಹೊಸ ಪಾಸ್‌ವರ್ಡ್ ಇಡಬೇಕು. ಒಪ್ಪಿಸುವುದು ಹೇಗೆ ಅನ್ನುವುದರಲ್ಲೇ ವ್ಯತ್ಯಾಸ. ಕೆಲವು ದಾರಿ ಎರಡು ನಿಮಿಷದ್ದು, ಕೆಲವು ಮೂವತ್ತು ದಿನದ್ದು, ಕೆಲವು ನೋಡಲು ದಾರಿ, ಹೋದರೆ ಗೋಡೆ. ಯಾವುದು ನಿಮಗೆ ಸರಿ ಅನ್ನುವುದು ನಿಮ್ಮ ಕೈಯಲ್ಲಿ ಏನು ಉಳಿದಿದೆ ಅನ್ನುವುದರ ಮೇಲಿದೆ.

ಮರೆತಿದ್ದೀರಿ, ಆದರೆ ಫೋನು ಮರೆತಿಲ್ಲ

ಬಂದವರನ್ನು ನಾನು ಮೊದಲು ಕೇಳುವುದು, "ಇದನ್ನ ಮುಂಚೆ ಯಾವ ಫೋನಲ್ಲಿ ತೆಗೆದಿದ್ರಿ?" ಅಂತ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಮೊದಲ ಸಲ ಲಾಗಿನ್ ಆದಾಗ ಕ್ರೋಮ್ "ಪಾಸ್‌ವರ್ಡ್ ಉಳಿಸಲೇ?" ಅಂತ ಕೇಳಿರುತ್ತದೆ. ನಾವು ಓದದೆ ಹೂಂ ಅಂದಿರುತ್ತೇವೆ. ಆ ಓದದೆ ಅಂದ ಹೂಂ ಈಗ ಕೈಹಿಡಿಯುತ್ತದೆ. ಕ್ರೋಮಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆರೆಯಿರಿ. ವೆಬ್‌ಸೈಟಿನ ಹೆಸರು ಹುಡುಕಿ. ಫೋನಿನ ಲಾಕ್ ಅಥವಾ ಬೆರಳಚ್ಚು ಕೇಳುತ್ತದೆ, ಕೊಟ್ಟರೆ ಪಾಸ್‌ವರ್ಡ್ ಕಣ್ಣಿಗೆ ಕಾಣುತ್ತದೆ. ಐಫೋನಿನವರಿಗೆ 2024ರ ಐಓಎಸ್ 18ರಿಂದ ಇದಕ್ಕೇ ಪಾಸ್‌ವರ್ಡ್ಸ್ ಅನ್ನುವ ಬೇರೆ ಆ್ಯಪ್ ಇದೆ. ಅದಕ್ಕಿಂತ ಹಳೆಯದರಲ್ಲಿ ಸೆಟ್ಟಿಂಗ್ಸ್ ಒಳಗೇ ಸಿಗುತ್ತದೆ.

ಇದು ಎಲ್ಲಕ್ಕಿಂತ ಸುಲಭದ ದಾರಿ. ಓಟಿಪಿ ಬೇಡ, ಕಾಯುವುದು ಬೇಡ, ಹೊಸ ಪಾಸ್‌ವರ್ಡೂ ಬೇಡ. ಒಂದೇ ತೊಂದರೆ ಅಂದರೆ, ಕೆಲವರು ಅದನ್ನು ಅಣ್ಣನ ಫೋನಿನಲ್ಲೋ ನಮ್ಮ ಅಂಗಡಿಯಂಥ ಕಡೆಯ ಕಂಪ್ಯೂಟರಿನಲ್ಲೋ ಉಳಿಸಿರುತ್ತಾರೆ.

ಮರೆತಿರುವುದು ಜಿಮೇಲಿನ ಪಾಸ್‌ವರ್ಡೇ ಆಗಿದ್ದರೂ, ಅದು ಇನ್ನೂ ತೆರೆದಿರುವ ಫೋನು ಮನೆಯಲ್ಲಿ ಇದೆಯಾ ನೋಡಿ. ಅದೇ ನಿಮ್ಮ ಆಸ್ತಿ. ಆ ಫೋನಿನಲ್ಲೇ "ಪಾಸ್‌ವರ್ಡ್ ಮರೆತಿದ್ದೇನೆ" ಅಂತ ಒತ್ತಿದರೆ, ಎಷ್ಟೋ ಸಲ ಪರದೆಯ ಮೇಲೆ "ಇದು ನೀವೇನಾ?" ಅನ್ನುವ ಪ್ರಶ್ನೆ ಬರುತ್ತದೆ, ಇಲ್ಲವೇ ಸ್ಕ್ರೀನ್ ಲಾಕ್ ಕೇಳುತ್ತದೆ. ಹೌದು ಅಂದರೆ ಹೊಸ ಪಾಸ್‌ವರ್ಡ್ ಇಡಬಹುದು.

ಇಲ್ಲಿ ಜನ ಮಾಡುವ ತಪ್ಪು ಒಂದಿದೆ. ಗಾಬರಿಯಲ್ಲಿ ಲಾಗೌಟ್ ಮಾಡುತ್ತಾರೆ, ಅಥವಾ ಫೋನನ್ನೇ ರೀಸೆಟ್ ಮಾಡಿಬಿಡುತ್ತಾರೆ. ಹೋದ ವರ್ಷ ಒಬ್ಬರು ಹಿರಿಯರು ಬಂದಿದ್ದರು. ಜಿಮೇಲ್ ಪಾಸ್‌ವರ್ಡ್ ಮರೆತಿದ್ದಾರೆ, ಮೊಮ್ಮಗ "ರೀಸೆಟ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ತಾತ" ಅಂದಿದ್ದಾನೆ. ಬಟನ್ ಒತ್ತಿ ಹಿಡಿದು ರಿಕವರಿ ಮೆನುವಿನಿಂದ ಒರೆಸಿದ್ದಾರೆ. ಫೋನು ಮತ್ತೆ ಶುರುವಾದಾಗ ಮೊದಲು ಕೇಳಿದ್ದೇ ಹಳೇ ಗೂಗಲ್ ಖಾತೆಯನ್ನು. ಕದ್ದ ಫೋನನ್ನು ಕಳ್ಳ ಬಳಸಬಾರದು ಅಂತ ಆಂಡ್ರಾಯ್ಡ್ 5.1ರಿಂದ ಇಟ್ಟಿರುವ ಬೀಗ ಅದು. ಮುಂಚೆ ಹೋಗಿದ್ದದ್ದು ಜಿಮೇಲ್ ಒಂದೇ, ಈಗ ಫೋನೂ ಹೋಯಿತು. ಅವರು ಫೋನಿನ ಬಿಲ್ ಹುಡುಕಿಕೊಂಡು ಸರ್ವಿಸ್ ಸೆಂಟರಿಗೆ ಅಲೆದದ್ದು ಬೇರೆ ಕಥೆ.

ಮೊಬೈಲ್ ನಂಬರಾ, ಇನ್ನೊಂದು ಇಮೇಲಾ?

ಫೋನಿನಲ್ಲಿ ಏನೂ ಉಳಿದಿಲ್ಲ ಅಂದರೆ ಮುಂದಿನದು ಇದು. ಹೆಚ್ಚಿನ ಖಾತೆಗಳಿಗೆ ಈ ಎರಡೇ ದಾರಿ. ನಂಬರಿಗೆ ಓಟಿಪಿ, ಅಥವಾ ಮುಂಚೆ ಕೊಟ್ಟಿದ್ದ ಬೇರೆ ಇಮೇಲಿಗೆ ಕೋಡು ಇಲ್ಲವೇ ಲಿಂಕು.

ಯಾವುದು ಜಾಸ್ತಿ ಕೆಲಸಕ್ಕೆ ಬರುತ್ತದೆ? ಗೂಗಲ್‌ನವರೇ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಎಸ್ಸೆಮ್ಮೆಸ್ ದಾರಿ ಹಿಡಿದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಖಾತೆಗೆ ವಾಪಸ್ ಸೇರಿದರು, ಇಮೇಲ್ ದಾರಿ ಹಿಡಿದವರಲ್ಲಿ ಸುಮಾರು 75. ಅಂದರೆ ಹೆಚ್ಚು ಕಮ್ಮಿ ಒಂದೇ, ನಂಬರ್ ಒಂದು ಕೈ ಮೇಲೆ. ನನ್ನ ಕೌಂಟರಿನ ಅನುಭವವೂ ಇದೇ. ಇಮೇಲನ್ನು ದಿನಾ ನೋಡುವವರು ನಮ್ಮ ಕಡೆ ಕಡಿಮೆ. ನಂಬರ್ ಮಾತ್ರ ಎಲ್ಲರ ಜೇಬಿನಲ್ಲಿರುತ್ತದೆ.

ಆದರೆ ನಂಬರಿಗೆ ಆಯುಸ್ಸು ಕಮ್ಮಿ. ರೀಚಾರ್ಜ್ ಮಾಡಿಸದೆ ಬಿಟ್ಟರೆ ಸಿಮ್ ಸಾಯುತ್ತದೆ. ಸತ್ತ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಅಲ್ಲಿಂದಾಚೆಗೆ ನಿಮ್ಮ ಓಟಿಪಿ ಬರುವುದು ಗುರುತಿಲ್ಲದ ಯಾರದೋ ಜೇಬಿಗೆ.

ಇದರಲ್ಲಿ ನನ್ನದೇ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಅಂಗಡಿ ಹಾಕಿದ ಹೊಸತರಲ್ಲಿ ಕಾಲೇಜು ಮಕ್ಕಳಿಗೆ ಜಿಮೇಲ್ ಖಾತೆ ಮಾಡಿಕೊಡುತ್ತಿದ್ದೆ. ಎಷ್ಟೋ ಮಕ್ಕಳ ಹತ್ತಿರ ಸ್ವಂತ ಫೋನ್ ಇರಲಿಲ್ಲ. ಅಪ್ಪನ ಫೋನು ತೋಟದಲ್ಲಿರುತ್ತಿತ್ತು. ಕ್ಯೂ ಬೆಳೆಯುತ್ತಿತ್ತು. ಸುಮ್ನೆ ನನ್ನ ನಂಬರ್ ಹಾಕಿ ಮುಗಿಸುತ್ತಿದ್ದೆ. ಈ ನಂಬರನ್ನು ತುಂಬಾ ಸಲ ಬಳಸಲಾಗಿದೆ ಅಂತ ಗೂಗಲ್ ತಕರಾರು ತೆಗೆಯುವವರೆಗೂ ಹೀಗೇ ನಡೆಯಿತು. ಆಮೇಲೆ ಅಂಗಡಿಯ ಇನ್ನೊಂದು ಸಿಮ್ ಹಾಕಿದೆ. ಆ ಎರಡನೇ ಸಿಮ್ಮನ್ನು ಕೆಲವು ವರ್ಷ ಆದಮೇಲೆ ರೀಚಾರ್ಜ್ ಮಾಡಿಸದೆ ಬಿಟ್ಟೆ. ಅದಕ್ಕೆ ಯಾರ ಯಾರ ಖಾತೆ ನೇತುಹಾಕಿದ್ದೆ ಅನ್ನುವುದು ನನಗೇ ಮರೆತಿತ್ತು.

ನರ್ಸಿಂಗ್ ಓದುತ್ತಿದ್ದ ಒಂದು ಹುಡುಗಿ ಬೆಂಗಳೂರಿನಿಂದ ಬಂದಳು. ಅವಳ ಸ್ಕಾಲರ್‌ಶಿಪ್ಪಿನ ಎಲ್ಲಾ ಪತ್ರ ಆ ಜಿಮೇಲಿಗೇ ಬರುವುದು. ಪಾಸ್‌ವರ್ಡ್ ಮರೆತಿದೆ, ಓಟಿಪಿ ಹೋಗುವುದು ನನ್ನ ಸತ್ತ ನಂಬರಿಗೆ. ನಾನು ಆ ನಂಬರಿಗೇ ಫೋನ್ ಮಾಡಿದೆ. ರಾಯಚೂರಿನ ಕಡೆಯ ಒಬ್ಬರು ಎತ್ತಿದರು. ಹೀಗೀಗೆ, ಒಂದು ಓಟಿಪಿ ಬರುತ್ತೆ, ಹೇಳ್ತೀರಾ ಅಂತ ಕೇಳಿದೆ. "ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಟಿವ್ಯಾಗ ಹೇಳ್ತಾರಲ್ರೀ" ಅಂದು ಕಟ್ ಮಾಡಿದರು. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ನಾನೇ ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಆ ಹುಡುಗಿಯ ಖಾತೆ ಕೊನೆಗೆ ಸಿಕ್ಕಿತು. ಸಿಕ್ಕಿದ್ದು ಓಟಿಪಿಯಿಂದ ಅಲ್ಲ. ಊರಿನಲ್ಲಿ ಅವಳ ತಮ್ಮ ಆಟ ಆಡುತ್ತಿದ್ದ ಒಡೆದ ಗ್ಲಾಸಿನ ಫೋನಿನಲ್ಲಿ ಅದು ಇನ್ನೂ ತೆರೆದೇ ಇತ್ತು.

ಸಿಮ್ ಕಳೆದಿದೆ, ಆದರೆ ನಂಬರ್ ಇನ್ನೂ ಜೀವಂತ ಇದೆ ಅಂದರೆ ಅಷ್ಟು ಚಿಂತೆ ಬೇಡ. ಆಧಾರ್ ತೆಗೆದುಕೊಂಡು ನಿಮ್ಮ ಕಂಪನಿಯ ಸ್ಟೋರಿಗೆ ಹೋದರೆ ಅದೇ ನಂಬರಿನ ಹೊಸ ಸಿಮ್ ಸಿಗುತ್ತದೆ. ಎರಡು ಮಾತು ನೆನಪಿರಲಿ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು. ನಮ್ಮಲ್ಲಿ ಅಮ್ಮನ ಸಿಮ್ ಮಗನ ಹೆಸರಲ್ಲಿ, ಮಗನ ಸಿಮ್ ಚಿಕ್ಕಪ್ಪನ ಹೆಸರಲ್ಲಿ ಇರುವುದು ಮಾಮೂಲಿ. ಎರಡನೆಯದು, ಹೊಸ ಸಿಮ್ ಶುರುವಾದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ನಿಮ್ಮ ನಂಬರನ್ನು ಮೋಸದಿಂದ ಬೇರೆ ಸಿಮ್ಮಿಗೆ ಹಾಕಿಸಿಕೊಂಡವನು ತಕ್ಷಣ ಓಟಿಪಿ ತೆಗೆದು ಬ್ಯಾಂಕ್ ಖಾಲಿ ಮಾಡಬಾರದು ಅಂತ ಮಾಡಿರುವ ನಿಯಮ ಅದು. ಅರ್ಜಿಯ ಕೊನೇ ದಿನ ಸಿಮ್ ಬದಲಾಯಿಸಿ ಓಟಿಪಿಗೆ ಕಾಯುತ್ತಾ ಕೂತರೆ ಕಣ್ಣೀರೇ ಗತಿ. ಹಾಗೆ ಕೂತವರನ್ನು ನೋಡಿದ್ದೇನೆ.

ಇನ್ನು ಇಮೇಲ್ ದಾರಿ. ಅದಕ್ಕೆ ರೀಚಾರ್ಜ್ ಬೇಡ, ಊರು ಬಿಟ್ಟರೂ ದೇಶ ಬಿಟ್ಟರೂ ನಡೆಯುತ್ತದೆ. ಆದರೆ ಅದನ್ನೂ ಆಗಾಗ ತೆರೆಯುತ್ತಿರಬೇಕು. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸಬಹುದು ಅನ್ನುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಇನ್ನೊಂದು ತಮಾಷೆ ಅಂದರೆ, ಮೊದಲ ಇಮೇಲಿಗೆ ಎರಡನೆಯದು ಆಸರೆ, ಎರಡನೆಯದಕ್ಕೆ ಮೊದಲನೆಯದು ಆಸರೆ ಅಂತ ಕೊಟ್ಟು, ಎರಡರದ್ದೂ ಪಾಸ್‌ವರ್ಡ್ ಮರೆತು ಬರುವವರಿದ್ದಾರೆ. ಬೀರುವಿನ ಕೀಲಿ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಬೀರುವಿನಲ್ಲಿ. ನನ್ನ ಸಲಹೆ, ಇನ್ನೊಂದು ಇಮೇಲ್ ನಿಮ್ಮದೇ ಆಗಬೇಕು ಅಂತೇನಿಲ್ಲ. ಗಂಡ, ಹೆಂಡತಿ, ಅಕ್ಕ, ಯಾರದಾದರೂ ಆಗಬಹುದು. ಅವರು ದಿನಾ ನೋಡುವ ಇಮೇಲ್ ಆಗಿದ್ದರೆ ಸಾಕು.

ಒಂದು ಸಣ್ಣ ವಿಷಯ. ಕೋಡು ಬರಲಿಲ್ಲ ಅಂತ "ಮತ್ತೆ ಕಳಿಸಿ" ಅನ್ನುವುದನ್ನು ನಾಲ್ಕು ಸಲ ಒತ್ತಬೇಡಿ. ಸಾಮಾನ್ಯವಾಗಿ ಹೊಸ ಕೋಡು ಹೊರಟಾಗ ಹಳೆಯದು ಸತ್ತುಹೋಗುತ್ತದೆ. ತಡವಾಗಿ ಬಂದ ಮೊದಲನೆಯದನ್ನು ಹಾಕಿ ತಪ್ಪು ತಪ್ಪು ಅನ್ನಿಸಿಕೊಳ್ಳುತ್ತೀರಿ. ಇಮೇಲಾದರೆ ಸ್ಪ್ಯಾಮ್ ಡಬ್ಬಿಯನ್ನೂ ನೋಡಿ.

ನಂಬರಾ ಇಮೇಲಾ ಅಂತ ಒಂದನ್ನೇ ಆರಿಸಬೇಕಾದರೆ, ಸ್ವಂತ ಹೆಸರಿನ ಸಿಮ್ ಇದ್ದು ಊರಲ್ಲೇ ಇರುವವರಿಗೆ ನಂಬರ್. ವಿದೇಶಕ್ಕೆ ಹೋಗುವವರಿಗೆ, ಪದೇ ಪದೇ ನಂಬರ್ ಬದಲಿಸುವವರಿಗೆ ಇಮೇಲ್. ಎರಡೂ ಕೊಡಲು ಬಂದರೆ ಎರಡೂ ಕೊಡಿ, ಅದಕ್ಕೇನು ದುಡ್ಡಿಲ್ಲ.

ಕಾಗದದ ಮೇಲಿನ ಕೋಡು

ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದಮೇಲೆ ಇನ್ನೊಂದು ಖಾತ್ರಿಯನ್ನೂ ಕೇಳುವ ಏರ್ಪಾಡು, ಹಾಕಿಕೊಂಡವರಿಗೆ ಗೂಗಲ್ ಹತ್ತು ಬ್ಯಾಕಪ್ ಕೋಡು ಕೊಡುತ್ತದೆ. ಒಂದೊಂದೂ ಎಂಟು ಅಂಕಿಯದು, ಒಂದನ್ನು ಒಂದೇ ಸಲ ಬಳಸಬಹುದು. ಹೊಸ ಹತ್ತು ತೆಗೆದರೆ ಹಳೇ ಹತ್ತು ರದ್ದಾಗುತ್ತವೆ. ಇದು ಮುಖ್ಯವಾಗಿ ಪಾಸ್‌ವರ್ಡ್ ನೆನಪಿದ್ದು ಫೋನ್ ಕಳೆದುಕೊಂಡವರಿಗೆ. ಪಾಸ್‌ವರ್ಡೇ ಮರೆತವರಿಗೆ ಇದೊಂದರಿಂದಲೇ ಬಾಗಿಲು ತೆರೆಯುತ್ತದೆ ಅಂತ ನಂಬಿಕೊಳ್ಳಬೇಡಿ.

ಮೈಕ್ರೋಸಾಫ್ಟ್ ಖಾತೆಗೆ 25 ಅಕ್ಷರದ ರಿಕವರಿ ಕೋಡು, ಅಂದರೆ ಖಾತೆ ವಾಪಸ್ ಪಡೆಯುವ ಕೋಡು, ಇದೆ. ಆ್ಯಪಲ್‌ನಲ್ಲಿ 28 ಅಕ್ಷರದ ರಿಕವರಿ ಕೀ ಇದೆ. ಈ ಆ್ಯಪಲ್ ಕೀ ಬಗ್ಗೆ ಮಾತ್ರ ಹುಷಾರು. ಅದನ್ನು ಚಾಲೂ ಮಾಡಿದರೆ ಕಂಪನಿಯ ಮಾಮೂಲಿ ರಿಕವರಿ ದಾರಿ ಮುಚ್ಚುತ್ತದೆ. ಕೀಯೂ ಕಳೆದು, ಆ ಖಾತೆ ತೆರೆದಿರುವ ನಿಮ್ಮ ಫೋನೂ ಕಳೆದರೆ ಆ ಖಾತೆ ಹೋಯಿತು ಅಂತಲೇ. ಕಾಗದ ಜೋಪಾನ ಮಾಡುವ ಅಭ್ಯಾಸ ಇಲ್ಲದವರು ಆ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಜೋಪಾನ ಮಾಡುವವರಿಗೆ ಮಾತ್ರ ಕಾಗದದಷ್ಟು ಗಟ್ಟಿ ಯಾವುದೂ ಇಲ್ಲ. ದುಬೈಗೆ, ಅಮೆರಿಕಕ್ಕೆ ಹೊರಟ ನಮ್ಮ ಹುಡುಗರಿಗೆ ಇದನ್ನೇ ಪ್ರಿಂಟ್ ತೆಗೆದು ಕೊಡುತ್ತೇನೆ. ಅಲ್ಲಿ ಹೋದಮೇಲೆ ಇಲ್ಲಿನ ಸಿಮ್ಮಿಗೆ ರೀಚಾರ್ಜ್ ಮಾಡಿಸುವವರು ಯಾರು? ಒಂದು ಪ್ರತಿ ಪಾಸ್‌ಪೋರ್ಟಿನ ಜೊತೆ, ಒಂದು ಪ್ರತಿ ಮನೆಯಲ್ಲಿ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ. ಫೋನಿನ ಗ್ಯಾಲರಿಯಲ್ಲಿ ಫೋಟೋ ತೆಗೆದಿಟ್ಟರೆ ಏನು ಬಂತು? ಕಳೆಯುವುದು ಆ ಫೋನೇ ಅಲ್ವಾ.

ನಂಬಿಕೆಯ ಮನುಷ್ಯ

ವಯಸ್ಸಾದವರಿಗೆ ನನಗೆ ಇಷ್ಟವಾದ ದಾರಿ ಇದು. ನಿಮ್ಮ ಪರವಾಗಿ ಒಬ್ಬರನ್ನು ಮುಂಚೆಯೇ ಗೊತ್ತುಮಾಡಿ ಇಡುವುದು. ಆ್ಯಪಲ್ 2021ರಲ್ಲಿ ಐಓಎಸ್ 15ರ ಜೊತೆ ಇದನ್ನು ತಂದಿತು. ಗೂಗಲ್ 2025ರಲ್ಲಿ ತಂದಿತು. ನೀವು ಸಿಕ್ಕಿಹಾಕಿಕೊಂಡಾಗ ಅವರ ಫೋನಿನಿಂದ ಒಂದು ಕೋಡು ತಾಳೆ ಮಾಡಿ ನೀವೇ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಅವರಿಗೆ ನಿಮ್ಮ ಇಮೇಲಾಗಲಿ ಫೋಟೋ ಆಗಲಿ ಕಾಣುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಪರಿಚಯದ ಸಹಿ ಹಾಕಿಸುತ್ತಿದ್ದರಲ್ಲ, ಹೆಚ್ಚು ಕಮ್ಮಿ ಹಾಗೆ. ಫೇಸ್‌ಬುಕ್‌ನಲ್ಲೂ ಹಿಂದೆ ಇಂಥದ್ದೊಂದು ಇತ್ತು, ಈಗ ತೆಗೆದಿದ್ದಾರೆ.

ನಮ್ಮ ದೊಡ್ಡಮ್ಮನ ಖಾತೆಗೆ ಅವರ ಮಗಳನ್ನು ಹಾಕಿಕೊಟ್ಟಿದ್ದೇನೆ. "ನನ್ನ ಮೆಸೇಜೆಲ್ಲಾ ಅವಳು ಓದ್ತಾಳೇನೋ?" ಅಂತ ಮೂರು ಸಲ ಕೇಳಿ ಆಮೇಲೆ ಒಪ್ಪಿದರು.

ನಿಮ್ಮ ಅಚ್ಚುಮೆಚ್ಚಿನ ತಿಂಡಿ ಯಾವುದು?

ಗುಟ್ಟಿನ ಪ್ರಶ್ನೆ. ಹುಟ್ಟಿದ ಊರು, ಅಮ್ಮನ ತವರಿನ ಹೆಸರು, ಮೊದಲ ಶಾಲೆ. ಇದರಷ್ಟು ಕೆಟ್ಟ ದಾರಿ ಇನ್ನೊಂದಿಲ್ಲ. ನೀವು ಮರೆಯುತ್ತೀರಿ, ಬೇರೆಯವರು ಊಹಿಸುತ್ತಾರೆ. ಆ 2015ರ ಅಧ್ಯಯನದಲ್ಲೇ ಇದೆ. ಅಮೆರಿಕದ ಇಂಗ್ಲಿಷ್ ಬಳಕೆದಾರರಲ್ಲಿ ನೂರಕ್ಕೆ 40 ಮಂದಿಗೆ ಬೇಕಾದಾಗ ತಮ್ಮದೇ ಉತ್ತರ ನೆನಪಿಗೆ ಬರಲಿಲ್ಲ. ಅಚ್ಚುಮೆಚ್ಚಿನ ತಿಂಡಿ ಯಾವುದು ಅನ್ನುವ ಪ್ರಶ್ನೆಗೆ ಇಂಗ್ಲಿಷ್ ಮಾತಾಡುವವರ ಉತ್ತರವನ್ನು ಒಂದೇ ಏಟಿಗೆ ಊಹಿಸುವ ಸಾಧ್ಯತೆ ನೂರಕ್ಕೆ ಸುಮಾರು 20. ನಮ್ಮ ಕಡೆ ಕೇಳಿದ್ದರೆ ಮಸಾಲೆ ದೋಸೆಯೊಂದೇ ಅರ್ಧ ಖಾತೆ ತೆರೆಯುತ್ತಿತ್ತೇನೋ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಇಮೇಲನ್ನು ಒಬ್ಬ ಕಾಲೇಜು ಹುಡುಗ ತೆರೆದದ್ದು ಹೀಗೇ. ಹುಟ್ಟಿದ ದಿನ, ಪಿನ್‌ಕೋಡು, ಗಂಡನನ್ನು ಎಲ್ಲಿ ಭೇಟಿಯಾಗಿದ್ದು, ಎಲ್ಲಾ ಇಂಟರ್ನೆಟ್ಟಿನಲ್ಲೇ ಸಿಕ್ಕಿತ್ತು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಫಜೀತಿ. 2014ರ ನವೆಂಬರ್ 1ಕ್ಕೆ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ತುಮ್ಕೂರು ಅಂತ ಹಳೇ ಸ್ಪೆಲಿಂಗಿನಲ್ಲಿ ಉತ್ತರ ಕೊಟ್ಟವರು ಈಗ ತುಮಕೂರು ಅಂತ ಪೂರ್ತಿ ಹೊಡೆಯುತ್ತಾರೆ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಊರು. ಮೈಸೂರು, ಶಿವಮೊಗ್ಗ, ಬೆಳಗಾವಿಯವರೂ ಒಮ್ಮೆ ಹಳೇ ಸ್ಪೆಲಿಂಗ್ ಹಾಕಿ ನೋಡಿ.

ಹಳೇ ವೆಬ್‌ಸೈಟುಗಳಲ್ಲಿ ಈ ಪ್ರಶ್ನೆ ಇನ್ನೂ ಕಡ್ಡಾಯ ಇರುತ್ತದೆ. ಅಲ್ಲಿ ನಿಜ ಹೇಳಲೇಬೇಕು ಅಂತಿಲ್ಲ. ಏನೋ ಒಂದು ಸುಳ್ಳು ಉತ್ತರ ಕೊಟ್ಟು ಡೈರಿಯಲ್ಲಿ ಬರೆದಿಡಿ. ಬರೆದಿಡದೆ ಸುಳ್ಳು ಕೊಟ್ಟರೆ ಮಾತ್ರ ಮುಗಿದೇ ಹೋಯಿತು.

ಏನೂ ಇಲ್ಲದವರಿಗೆ

ನಂಬರಿಲ್ಲ, ಇಮೇಲಿಲ್ಲ, ಫೋನೂ ಬೇರೆ. ಆಗ ಉಳಿಯುವುದು ಕಂಪನಿಯ ಫಾರಂ. ಇಲ್ಲಿ ಕಂಪನಿ ಕಂಪನಿಗೂ ವ್ಯತ್ಯಾಸವಿದೆ.

ಗೂಗಲ್‌ನದ್ದು ಪೂರ್ತಿ ಯಂತ್ರದ ತೀರ್ಮಾನ. ನೀವು ಏನು ಉತ್ತರಿಸುತ್ತೀರಿ ಅನ್ನುವುದರ ಜೊತೆಗೆ ಎಲ್ಲಿಂದ ಉತ್ತರಿಸುತ್ತೀರಿ ಅನ್ನುವುದನ್ನೂ ಅದು ತೂಗುತ್ತದೆ. ಹಾಗಾಗಿ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು ಪ್ರಯತ್ನಿಸಬೇಡಿ. ನನಗೆ ಇಪ್ಪತ್ತು ರೂಪಾಯಿ ಸಿಗುತ್ತದೆ, ನಿಮಗೆ ಖಾತೆ ಸಿಗುವುದಿಲ್ಲ. ಮುಂಚೆ ಆ ಖಾತೆ ಬಳಸಿದ್ದ ಫೋನು, ಅದೇ ಬ್ರೌಸರು, ಅದೇ ಮನೆ, ಅದೇ ವೈಫೈ. ಕೊನೆಯದಾಗಿ ನೆನಪಿರುವ ಪಾಸ್‌ವರ್ಡ್ ಕೇಳಿದರೆ ಹಳೆಯದಾದರೂ ಸರಿ, ಅರ್ಧಂಬರ್ಧ ನೆನಪಾದರೂ ಸರಿ, ಹಾಕಿ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಆಗಲಿಲ್ಲ ಅಂದರೆ ಒಂದೇ ದಿನ ಹತ್ತು ಸಲ ಗುದ್ದಬೇಡಿ, ಕೆಲವು ದಿನ ಬಿಟ್ಟು ನೋಡಿ.

ಕಳ್ಳರು ಒಳಗೆ ಹೊಕ್ಕು ನಿಮ್ಮ ನಂಬರನ್ನೇ ಬದಲಿಸಿದ್ದರೆ ತಡ ಮಾಡಬೇಡಿ. ಬದಲಾದ ಮೇಲೂ ಏಳು ದಿನದವರೆಗೆ ಹಳೇ ನಂಬರಿಗೆ ಕೋಡು ತರಿಸಿಕೊಳ್ಳುವ ಅವಕಾಶವನ್ನು ಗೂಗಲ್ ಕೊಡುವುದುಂಟು.

ಮೈಕ್ರೋಸಾಫ್ಟ್‌ನದ್ದು ನಿಜವಾದ ಫಾರಂ. ಇತ್ತೀಚೆಗೆ ಯಾರಿಗೆ ಇಮೇಲ್ ಕಳಿಸಿದ್ರಿ, ಅದರ ವಿಷಯದ ಸಾಲು ಏನಿತ್ತು, ಇಂಥದ್ದೆಲ್ಲ ಕೇಳುತ್ತದೆ. ನೀವು ಇಮೇಲ್ ಕಳಿಸಿದ ಗೆಳೆಯರಿಗೆ ಫೋನ್ ಮಾಡಿ ಕೇಳಿಕೊಂಡು ತುಂಬಿಸಿ, ಅದರಲ್ಲೇನೂ ಮೋಸವಿಲ್ಲ. ಒಳಗೆ ಹೋದಮೇಲೆ ಹಳೇ ನಂಬರ್, ಇಮೇಲ್ ಎಲ್ಲವನ್ನೂ ತೆಗೆದು ಹೊಸದು ಹಾಕಿದರೆ 30 ದಿನ ಕಾಯಿಸುತ್ತದೆ. ಆ್ಯಪಲ್ ಕೂಡ ಕಾಯಿಸುತ್ತದೆ, ಕೆಲವು ದಿನವೋ ಇನ್ನೂ ಜಾಸ್ತಿಯೋ. ವಾಟ್ಸ್ಆ್ಯಪ್‌ನ ಆರು ಅಂಕಿಯ ಪಿನ್ ಮರೆತಿದ್ದು, ಇಮೇಲೂ ಕೊಟ್ಟಿಲ್ಲ ಅಂದರೆ ಏಳು ದಿನ. ಈ ಕಾಯುವಿಕೆ ಸಿಟ್ಟು ತರಿಸುತ್ತದೆ, ಆದರೆ ನಿಮ್ಮ ಹೆಸರಿನಲ್ಲಿ ಕಳ್ಳ ಬಂದಿದ್ದರೆ ನಿಮಗೆ ಸುದ್ದಿ ಮುಟ್ಟಲು ಸಿಗುವ ಸಮಯವೂ ಅದೇ.

ಕೆಲವದಕ್ಕೆ ಕಾದರೂ ಪ್ರಯೋಜನವಿಲ್ಲ. ವಾಟ್ಸ್ಆ್ಯಪ್ ಬ್ಯಾಕಪ್ಪಿಗೆ ಬೇರೆ ಪಾಸ್‌ವರ್ಡೋ 64 ಅಂಕಿಯ ಕೀಯೋ ಹಾಕಿದ್ದು ಅದನ್ನು ಮರೆತರೆ ಕಂಪನಿಯವರಿಗೂ ತೆರೆಯಲು ಬರುವುದಿಲ್ಲ. ಎಲ್ಲಾ ಪಾಸ್‌ವರ್ಡನ್ನೂ ಒಂದೇ ಕಡೆ ಬೀಗ ಹಾಕಿಡುವ ಬಿಟ್‌ವಾರ್ಡನ್‌ನಂಥ ಆ್ಯಪಿನ ಮಾಸ್ಟರ್ ಪಾಸ್‌ವರ್ಡೂ ಅಷ್ಟೇ. ಆ ಒಂದನ್ನಾದರೂ ಕಾಗದದಲ್ಲಿ ಬರೆದು ಬೀಗ ಹಾಕಿಡಿ.

ಇಲ್ಲೇ ಮೋಸಗಾರರು ಕಾದು ಕೂತಿರುತ್ತಾರೆ. ನೆಟ್ಟಿನಲ್ಲಿ "ಜಿಮೇಲ್ ಕಸ್ಟಮರ್ ಕೇರ್" ಅಂತ ಹುಡುಕಿದರೆ ಒಂದಷ್ಟು ಫೋನ್ ನಂಬರ್ ಬರುತ್ತವೆ. ಹಣ ತೆಗೆದುಕೊಂಡು ಪಾಸ್‌ವರ್ಡ್ ಕೊಡಿಸುವ ಯಾರ ಜೊತೆಗೂ ತಾನು ಕೆಲಸ ಮಾಡುವುದಿಲ್ಲ ಅಂತ ಗೂಗಲ್ ಹೇಳಿಯೇ ಇದೆ. ಫೇಸ್‌ಬುಕ್ ಕಾಮೆಂಟಿನಲ್ಲಿ "ಇವರು ನನ್ನ ಖಾತೆ ವಾಪಸ್ ಕೊಡಿಸಿದರು" ಅಂತ ಯಾರದೋ ಹೆಸರು ಹಾಕುವವರೂ ಅದೇ ಗುಂಪು. ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿಯೇಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಸರ್ಕಾರದ ಖಾತೆ, ಬ್ಯಾಂಕ್ ಖಾತೆ

ಇವು ಒಂದು ಲೆಕ್ಕದಲ್ಲಿ ಜಿಮೇಲಿಗಿಂತ ವಾಸಿ. ಇಲ್ಲಿ ನೀವು ಯಾರು ಅನ್ನುವುದಕ್ಕೆ ಕಾಗದ ಇದೆ. ಬ್ಯಾಂಕಿನಲ್ಲಿ ಸಾಮಾನ್ಯವಾಗಿ ಡೆಬಿಟ್ ಕಾರ್ಡಿನ ವಿವರ ಮತ್ತು ಓಟಿಪಿ ಸಾಕು. ಅದೂ ಇಲ್ಲ ಅಂದರೆ ಪಾಸ್‌ಬುಕ್ ಹಿಡಿದು ಬ್ರಾಂಚಿಗೆ ಹೋಗಬಹುದು, ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಗೂಗಲ್‌ಗೆ ತಿಪಟೂರಿನಲ್ಲಿ ಬ್ರಾಂಚ್ ಇಲ್ಲ.

ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್ ಮರೆತವರಿಗೆ ಒಳ್ಳೆಯ ಆಯ್ಕೆಗಳನ್ನೇ ಇಟ್ಟಿದೆ. ಯೂಸರ್ ಐಡಿ ಅಂದರೆ ನಿಮ್ಮ ಪಾನ್ ನಂಬರೇ, ಅದು ಮರೆಯುವ ಮಾತಿಲ್ಲ. "ಪಾಸ್‌ವರ್ಡ್ ಮರೆತಿರಾ" ಒತ್ತಿದರೆ ಮೂರು ದಾರಿ. ಪೋರ್ಟಲ್ಲಿನಲ್ಲಿ ಕೊಟ್ಟಿರುವ ಮೊಬೈಲ್ ಮತ್ತು ಇಮೇಲಿಗೆ ಓಟಿಪಿ, ಆಧಾರ್ ಜೊತೆ ಇರುವ ಮೊಬೈಲಿಗೆ ಓಟಿಪಿ, ಡಿಜಿಟಲ್ ಸಹಿ. ಡಿಜಿಟಲ್ ಸಹಿ ಇರುವವರು ನಮ್ಮಲ್ಲಿ ಎಷ್ಟು ಜನ, ಬಿಡಿ. ಮೊದಲೆರಡರಲ್ಲಿ ನಾನು ಹಿಡಿಯುವುದು ಆಧಾರ್ ದಾರಿಯನ್ನೇ. ಯಾಕೆಂದರೆ ಪೋರ್ಟಲ್ಲಿನಲ್ಲಿ ಇರುವುದು ಎಷ್ಟೋ ಸಲ ನಿಮ್ಮ ನಂಬರೇ ಅಲ್ಲ, ಮೊದಲ ವರ್ಷ ರಿಟರ್ನ್ಸ್ ಹಾಕಿಕೊಟ್ಟ ಟ್ಯಾಕ್ಸ್ ಕನ್ಸಲ್ಟೆಂಟಿನ ನಂಬರು. ನಾಲ್ಕನೆಯ ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ನೆಟ್ ಬ್ಯಾಂಕಿಂಗಿಗೆ ಲಾಗಿನ್ ಆಗಿ ಅಲ್ಲಿಂದಲೇ ಇ-ಫೈಲಿಂಗಿಗೆ ದಾಟಬಹುದು, ಪಾಸ್‌ವರ್ಡೇ ಬೇಡ. ಜುಲೈ ಕೊನೆಯಲ್ಲಿ ಓಟಿಪಿ ಬರದೆ ಒದ್ದಾಡುವಾಗ ಇದನ್ನು ನೆನಪಿಸಿಕೊಳ್ಳಿ. ಹೊಸ ಪಾಸ್‌ವರ್ಡ್ 8ರಿಂದ 14 ಅಕ್ಷರ ಇರಬೇಕು, ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲಾ ಬೇಕು.

ಪಿಎಫ್‌ನ ಯುಎಎನ್ ಖಾತೆ ಆಗಲಿ, ಸರ್ಕಾರಿ ದಾಖಲೆ ಇಡುವ ಡಿಜಿಲಾಕರ್ ಆಗಲಿ, ಕೊನೆಗೆ ಬಂದು ನಿಲ್ಲುವುದು ಮೊಬೈಲಿಗೆ ಬರುವ ಓಟಿಪಿಯ ಮೇಲೇ. ಅದರಲ್ಲೂ ಆಧಾರ್ ಜೊತೆ ಯಾವ ನಂಬರ್ ಇದೆ ಅನ್ನುವುದು ಮುಖ್ಯ. ಹಾಗಾಗಿ ಒಂದೇ ಒಂದು ನಂಬರನ್ನು ಜೀವಂತ ಇಟ್ಟುಕೊಳ್ಳಲು ಆಗುವುದಾದರೆ ಅದು ಆಧಾರಿನ ನಂಬರ್ ಆಗಿರಲಿ. ಅದು ಸತ್ತಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ, ಬೆರಳಚ್ಚು ಕೊಟ್ಟರೆ ಆಗುತ್ತದೆ. ಅದು ಆಗುವವರೆಗೆ ಉಳಿದ ಪೋರ್ಟಲ್ಲುಗಳ ಮುಂದೆ ಕೂತು ಸಮಯ ಕಳೆಯಬೇಡಿ.

ಒಳಗೆ ಹೋದಮೇಲೆ

ಖಾತೆ ಸಿಕ್ಕ ಖುಷಿಯಲ್ಲಿ ಹಾಗೇ ಎದ್ದು ಹೋಗಬೇಡಿ. ರಿಕವರಿ ನಂಬರ್ ಯಾರದ್ದಿದೆ ನೋಡಿ. ಬೇರೆ ಯಾವ ಯಾವ ಫೋನಿನಲ್ಲಿ ತೆರೆದಿದೆ ನೋಡಿ, ಗುರುತಿಲ್ಲದ್ದನ್ನು ಹೊರಗೆ ಹಾಕಿ. ನಮ್ಮಂಥ ಅಂಗಡಿಯಲ್ಲಿ ಮಾಡಿಸಿದ್ದರೆ ಲಾಗೌಟ್ ಆಗಿದೆಯಾ, ಕ್ರೋಮಿನಲ್ಲಿ ಪಾಸ್‌ವರ್ಡ್ ಉಳಿದಿಲ್ಲವಾ ಅಂತ ನೀವೇ ಮೌಸ್ ಹಿಡಿದು ನೋಡಿ. ಅಂಗಡಿಯವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನಮ್ಮಲ್ಲೂ ಮುಂಚೆ ಒಂದು ಉದ್ದ ಲಾಂಗ್‌ಬುಕ್ ಇತ್ತು. ಗಿರಾಕಿಗಳ ಹೆಸರು, ಇಮೇಲ್, ಪಾಸ್‌ವರ್ಡ್, ಎಲ್ಲಾ ಸಾಲಾಗಿ ಬರೆದಿಟ್ಟಿದ್ದೆ. ಜನರಿಗೆ ಅದೇ ಅನುಕೂಲ ಅಂತ ನಂಬಿದ್ದೆ. ಆ ನರ್ಸಿಂಗ್ ಹುಡುಗಿ ಬಂದುಹೋದ ವಾರ ಅದರಲ್ಲಿ ನನ್ನ ಸತ್ತ ನಂಬರ್ ಹಾಕಿದ್ದ ಖಾತೆಗಳನ್ನು ಗುರುತು ಮಾಡಿ, ಸಿಕ್ಕವರಿಗೆಲ್ಲ ಫೋನ್ ಮಾಡಿ, ಬಂದು ಅವರವರ ನಂಬರ್ ಹಾಕಿಸಿಕೊಳ್ಳಿ ಅಂದೆ. ಮೂವತ್ತೇಳರಲ್ಲಿ ಇಪ್ಪತ್ತೆರಡು ಜನ ಬಂದರು. ಆಮೇಲೆ ಪುಸ್ತಕವನ್ನು ಹಿತ್ತಲಿನ ನೀರೊಲೆಗೆ ಹಾಕಿದೆ.

ಈಗಲೂ ಯಾರಾದರೂ ಬಂದು ಕೇಳುತ್ತಾರೆ. "ಅಣ್ಣಾ, ನಿಮ್ಮ ಪುಸ್ತಕದಲ್ಲಿ ನಂದು ಬರ್ದಿಟ್ಟಿದ್ರಲ್ಲ, ಒಂಚೂರು ನೋಡ್ತೀರಾ?" ಪುಸ್ತಕ ಇಲ್ಲ ಅಂದರೆ ಮುಖ ಸಪ್ಪೆ ಮಾಡುತ್ತಾರೆ. ಆಗ ಸ್ಟೂಲು ಎಳೆದು ಕೂರಿಸಿ ಕೇಳುತ್ತೇನೆ, "ಇದನ್ನ ಮುಂಚೆ ಯಾವ ಫೋನಲ್ಲಿ ತೆಗೆದಿದ್ರಿ?"